ಹದಿನಾಲ್ಕು ಸ್ಥಳಗಳ ಪಟ್ಟಿ

ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೆಚ್ಚೆಂದರೆ ಮೂರು ಗಂಟೆಯ ಆಸುಪಾಸಿನ ದಾರಿ. ಹಾಗಿದ್ದರೂ ಆ ಸೀಮೆಯ ಎಷ್ಟೋ ಸಂಸಾರಗಳಿಗೆ ಬೆಂಗಳೂರೆಂದರೆ ಒಂದೋ ಮದುವೆ ಮನೆ, ಇಲ್ಲವೆ ಆಸ್ಪತ್ರೆ. ಊರನ್ನು ನೋಡುವುದಕ್ಕೆಂದೇ ಹೋಗುವುದು ಅಪರೂಪ. ಇಲ್ಲಿ ಹೇಳಹೊರಟಿರುವ ಸಂಸಾರ ಹಾಗೆ ಒಮ್ಮೆ ಹೋಗಿತ್ತು. ಬಾಡಿಗೆ ಕಾರು, ಒಂದೇ ದಿನ, ಒಂಬತ್ತು ಸ್ಥಳ. ರಜೆ ಮುಗಿದ ಮೇಲೆ ಶಾಲೆಯಲ್ಲಿ 'ನಾನು ಕಂಡ ಬೆಂಗಳೂರು' ಎಂದು ಪ್ರಬಂಧ ಬರೆಯಲು ಹೇಳಿದಾಗ ಆ ಮನೆಯ ಹುಡುಗ ಬರೆದದ್ದು ಎರಡು ವಾಕ್ಯ: 'ಕಾರು ತುಂಬಾ ಹೊತ್ತು ನಿಂತಿತ್ತು. ನನಗೆ ವಾಂತಿಯಾಯಿತು.'

ಇದು ಮೂರು ವರ್ಷದ ಹಿಂದಿನ ಮಾತು. ಈ ಸಲ ದಸರೆ ರಜೆಗೆ ಮತ್ತೆ ಬೆಂಗಳೂರಿಗೆ ಹೋಗುವ ಮಾತೆದ್ದಾಗ ಹುಡುಗ ಐದನೇ ತರಗತಿ, ಅವನಕ್ಕ ಒಂಬತ್ತನೇ ತರಗತಿ. ಅಕ್ಕನಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆಮೇಲೆ ಎರಡು ವರ್ಷ ಪಿಯುಸಿ. ಹತ್ತನೇ ತರಗತಿಯ ಮಕ್ಕಳಿರುವ ಮನೆಯಲ್ಲಿ ಪ್ರವಾಸದ ಮಾತೇ ಏಳುವುದಿಲ್ಲವೆಂಬುದು ಎಲ್ಲ ತಂದೆತಾಯಿಗಳಿಗೂ ಗೊತ್ತು. ಐವರೂ ಒಟ್ಟಿಗೆ ಹೊರಡುವುದಿದ್ದರೆ ಈ ರಜೆಯಲ್ಲೇ, ಇಲ್ಲವಾದರೆ ಇನ್ನು ಯಾವಾಗಲೋ. ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿರುವ ತಂದೆ ಎರಡು ದಿನದ ರಜೆಗೆ ಅರ್ಜಿ ಕೊಟ್ಟರು. ರಾತ್ರಿ ಊಟವಾದ ಮೇಲೆ ಹಳೆಯ ಡೈರಿಯ ಹಾಳೆಯೊಂದರಲ್ಲಿ ಪಟ್ಟಿ ಬರೆದರು. ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗ್, ಬನ್ನೇರುಘಟ್ಟ, ಟಿಪ್ಪು ಅರಮನೆ, ಬೆಂಗಳೂರು ಅರಮನೆ, ಬಸವನಗುಡಿ, ಗವಿ ಗಂಗಾಧರೇಶ್ವರ, ಇಸ್ಕಾನ್, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯ, ಚಿಕ್ಕಪೇಟೆ, ಕೊನೆಗೆ 'ಯಾವುದಾದರೂ ಒಂದು ಮಾಲ್'. ಒಟ್ಟು ಹದಿನಾಲ್ಕು.

"ಇಷ್ಟು ಖರ್ಚು ಮಾಡ್ಕೊಂಡು ಹೋಗೋದು, ಯಾವುದನ್ನೂ ಬಿಡಬಾರದು" ಎಂಬುದು ಅವರ ವಾದ. ಆ ವಾದದಲ್ಲಿ ದುರಾಸೆಯೇನೂ ಇಲ್ಲ. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಹೊರಡುವ ಎಲ್ಲರ ಲೆಕ್ಕವೂ ಹೀಗೆಯೇ.

ಮಗಳು ಆ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಲೆಕ್ಕ ಮಾಡಿದಳು. ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ದಿನಕ್ಕೆ 18 ಗಂಟೆ, ಅಂದರೆ 1080 ನಿಮಿಷ. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗಲು ಸರಾಸರಿ 40 ನಿಮಿಷವಾದರೂ ಬೇಕು. ಹದಿನಾಲ್ಕಕ್ಕೆ 560. ಉಳಿಯುವುದು 520 ನಿಮಿಷ. ಅದನ್ನು ಹದಿನಾಲ್ಕು ಸ್ಥಳಕ್ಕೆ ಹಂಚಿದರೆ ತಲಾ 37 ನಿಮಿಷ. ಈ 37 ನಿಮಿಷದಲ್ಲೇ ಟಿಕೆಟಿನ ಸಾಲು, ಚಪ್ಪಲಿ ಬಿಡುವುದು, ಶೌಚಾಲಯ ಹುಡುಕುವುದು, ಅಜ್ಜಿ ಕೂತು ಏಳುವುದು ಎಲ್ಲವೂ ಆಗಬೇಕು. ಊಟ ತಿಂಡಿಯನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ತಂದೆ ಹಾಳೆಯನ್ನು ಎರಡು ಸಲ ಓದಿ, "ಹಂಗಾದ್ರೆ ನೀನೇ ಮಾಡು" ಎಂದು ಡೈರಿಯನ್ನು ಅವಳ ಕೈಗೇ ಕೊಟ್ಟರು. ಸ್ವಲ್ಪ ಮುನಿಸಿನಿಂದಲೇ ಕೊಟ್ಟರೆಂದು ತೋರುತ್ತದೆ. ಆದರೂ ಕೊಟ್ಟರು. ಪ್ರವಾಸದ ಯೋಜನೆಯನ್ನು ಮಕ್ಕಳಿಗೆ ಒಪ್ಪಿಸುವುದು ಭೂಗೋಳ, ಗಣಿತ, ವ್ಯವಹಾರಜ್ಞಾನ ಮೂರನ್ನೂ ಒಂದೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಅಂಕ ಮಾತ್ರ ಯಾರೂ ಹಾಕುವುದಿಲ್ಲ.

ಅವಳು ಮೊದಲು ಹುಡುಕಿದ್ದು ಯಾವ ಬಾಗಿಲು ಯಾವ ದಿನ ಮುಚ್ಚಿರುತ್ತದೆಂಬುದನ್ನು. ಇದನ್ನು ನೋಡದೆ ಹೊರಟು ಬೀಗ ನೋಡಿಕೊಂಡು ಬಂದವರ ಸಂಖ್ಯೆ ದೊಡ್ಡದು. ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ, ಜೊತೆಗೆ ತಿಂಗಳ ಎರಡನೇ ಮಂಗಳವಾರವೂ ರಜೆ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ತಂದೆ ರಜೆ ಕೇಳಿದ್ದದ್ದು ಸೋಮವಾರ ಮತ್ತು ಮಂಗಳವಾರಕ್ಕೆ! ಹುಡುಗಿ ತಾರಾಲಯಕ್ಕೆ ತಾನೇ ಫೋನು ಮಾಡಿ ಕನ್ನಡ ಪ್ರದರ್ಶನ ಯಾವ ವೇಳೆಗೆಂದು ಕೇಳಿಕೊಂಡಳು. ಕಚೇರಿಯೊಂದಕ್ಕೆ ಅವಳು ಮಾಡಿದ ಮೊದಲ ಫೋನು ಅದು. ಮಾತು ಮುಗಿಯುವ ತನಕ ಎದ್ದೇ ನಿಂತಿದ್ದಳಂತೆ. ರಜೆಯ ಅರ್ಜಿ ಬುಧವಾರ, ಗುರುವಾರಕ್ಕೆ ಬದಲಾಯಿತು. ಶನಿವಾರ, ಭಾನುವಾರದ ನೂಕುನುಗ್ಗಲೂ ತಪ್ಪಿತು.

ಬನ್ನೇರುಘಟ್ಟದ ಮೇಲೆ ಅವಳು ಗೀಟು ಹಾಕಿದಾಗ ತಮ್ಮ ಅತ್ತ. ಆ ಜಾಗ ನಗರದ ನಡುಭಾಗದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸಫಾರಿ, ಮೃಗಾಲಯ, ಚಿಟ್ಟೆ ಉದ್ಯಾನ ಎಲ್ಲ ಸೇರಿದರೆ ಪೂರ್ತಿ ಒಂದು ದಿನವನ್ನು ಅದಕ್ಕೇ ಬಿಟ್ಟುಕೊಡಬೇಕು. ಎರಡೇ ದಿನಕ್ಕೆ ಬರುವವರು ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳುವುದೇ ಸರಿ. ಹುಲಿ ಎಲ್ಲಿಗೂ ಹೋಗುವುದಿಲ್ಲ.

ಇನ್ನು ತಂಗುವ ಪ್ರಶ್ನೆ. ಯಲಹಂಕದಿಂದಾಚೆ ನೆಂಟರ ಮನೆಯಿತ್ತು. ಅಲ್ಲಿ ಇಳಿದುಕೊಂಡರೆ ಲಾಡ್ಜಿನ ಹಣ ಉಳಿಯುತ್ತಿತ್ತು, ನಿಜ. ಆದರೆ ಹೋಗಿ ಬರುವುದರಲ್ಲೇ ದಿನದ ಎರಡು ಮೂರು ಗಂಟೆ ರಸ್ತೆಯ ಪಾಲು. ನೆಂಟರ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಹೊರಟುಬಿಡುವುದೂ ಮರ್ಯಾದೆಯಲ್ಲ. ತಿಂಡಿ ತಿನ್ನದೆ ಬಿಟ್ಟಾರೆಯೆ? ಕೊನೆಗೆ ತಾಯಿಯೇ ತೀರ್ಮಾನ ಹೇಳಿದರು. "ಏನ್ರೀ, ಒಂದು ರಾತ್ರಿ ತಾನೆ? ಮೆಜೆಸ್ಟಿಕ್ ಹತ್ರವೇ ರೂಮು ಮಾಡಿ. ಅವರನ್ನ ಇನ್ನೊಂದು ಸಲ ನೋಡ್ಕೊಂಡು ಬಂದರಾಯ್ತು." ರೈಲು ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೋದ ಎರಡು ಮಾರ್ಗಗಳು ಕೂಡುವ ನಿಲ್ದಾಣ ಮೂರೂ ಅಕ್ಕಪಕ್ಕದಲ್ಲಿರುವ ಜಾಗ ಅದೊಂದೇ.

ಕೆಂಪು ಬಸ್ಸೋ ರೈಲೋ ಎಂಬ ಚರ್ಚೆಯೂ ನಡೆಯಿತು. 2023ರ ಜೂನ್‌ನಿಂದ 'ಶಕ್ತಿ' ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ. ಆ ಲೆಕ್ಕದಲ್ಲಿ ಐವರಲ್ಲಿ ಮೂವರದು ಉಳಿತಾಯ. ಆದರೆ ಹುಡುಗನಿಗೆ ಬಸ್ಸು ಆಗುವುದಿಲ್ಲ, ಅಜ್ಜಿಗೆ ಕಾಲು ಚಾಚಿಕೊಳ್ಳಬೇಕು. ರೈಲಿನಲ್ಲಿ ಶೌಚಾಲಯವೂ ಇರುತ್ತದೆ. ರೈಲೇ ಗೆದ್ದಿತು. ಚಿಕ್ಕ ಮಕ್ಕಳಿರುವವರು ಗಮನಿಸಬೇಕಾದ ವಿಷಯವೊಂದಿದೆ: 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ ದರ, ಕಾಯ್ದಿರಿಸಿದ ಬೋಗಿಯಲ್ಲಿ ಪ್ರತ್ಯೇಕ ಜಾಗ ಬೇಕೆಂದರೆ 2016ರಿಂದ ಪೂರ್ತಿ ದರ. ಹುಡುಗನಿಗೆ ಪೂರ್ತಿ ದರ ಕೊಟ್ಟರು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು.

ಆ ಕಿಟಕಿಯಿಂದ ಅವನಿಗೆ ಅಕ್ಕ ಕೊಟ್ಟ ಕೆಲಸ ಚೆನ್ನಾಗಿತ್ತು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ಬರೆದಿರುತ್ತದೆ. ಅದನ್ನು ಓದುವವರು ಯಾರು? ಹುಡುಗ ತಿಪಟೂರು, ತುಮಕೂರು ಎಂದು ಒಂದೊಂದನ್ನೇ ಗುರುತು ಹಾಕಿಕೊಳ್ಳುತ್ತ ಬಂದ. ರೈಲು ಓಡುವಾಗಲೇ ದಾಟಿಹೋದ ಊರಿನದು ತಪ್ಪಿದಾಗ ಪೇಚಾಡಿದ. ಬೆಂಗಳೂರು ಹೆಚ್ಚು ಕಡಿಮೆ 900 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿನ ತಂಪಿಗೆ ಇರುವ ಮುಖ್ಯ ಕಾರಣವೂ ಅದೇ. ಕುಡಿಯುವ ನೀರಿಗೆ ಪಡುವ ಪಾಡಿಗೆ ಒಂದು ಕಾರಣವೂ ಅದೇ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿ ಬರಬೇಕು. ಲಾಡ್ಜಿನ ಬಚ್ಚಲಲ್ಲಿ ಬಕೆಟ್ಟು ತುಂಬಿ ಹರಿಯುತ್ತಿದ್ದಾಗ ಹುಡುಗ ಓಡಿಹೋಗಿ ನಲ್ಲಿ ನಿಲ್ಲಿಸಿದ್ದು ಈ ಮಾತು ಕೇಳಿದ ಮೇಲೆ.

ಮೊದಲ ದಿನ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದದ್ದು. ನಡುವೆ ಎರಡೇ ನಿಲ್ದಾಣ, ಎಲ್ಲವೂ ನೆಲದೊಳಗೆ. ಮೇಲೆ ತಂತಿಯಿಲ್ಲ, ಎಂಜಿನ್ನಿಲ್ಲ, ರೈಲು ಓಡುವುದು ಹೇಗೆ ಎಂದು ಹುಡುಗನ ಪ್ರಶ್ನೆ. ಹಳಿಗಳ ಪಕ್ಕದಲ್ಲಿ ಉದ್ದಕ್ಕೂ ಇರುವ ಮೂರನೇ ಹಳಿಯಲ್ಲಿ 750 ವೋಲ್ಟಿನ ನೇರ ವಿದ್ಯುತ್ತು ಹರಿಯುತ್ತಿರುತ್ತದೆ. ರೈಲು ಅದನ್ನು ಮುಟ್ಟಿಕೊಂಡೇ ಓಡುತ್ತದೆ. ಹಳಿಗೆ ಇಳಿಯಬಾರದೆಂದು ಅಲ್ಲಿ ಅಷ್ಟು ಎಚ್ಚರಿಸುವುದು ಇದಕ್ಕೇ. ಎಸ್ಕಲೇಟರಿನ ಮುಂದೆ ಅಜ್ಜಿ ನಿಂತುಬಿಟ್ಟರು. ಲಿಫ್ಟು ಎಲ್ಲಿದೆಯೆಂದು ಹುಡುಕಿದ್ದಕ್ಕೆ ಹತ್ತು ನಿಮಿಷ ಹೋಯಿತು. ಹುಡುಗಿಯ ಲೆಕ್ಕದಲ್ಲಿ ಇದಕ್ಕೂ ಜಾಗವಿತ್ತು. 'ಅಜ್ಜಿ, 10 ನಿಮಿಷ' ಎಂದು ಪ್ರತಿ ಸ್ಥಳದ ಮುಂದೆಯೂ ಬರೆದಿದ್ದಳು.

ಹೊರಡುವ ಮೊದಲು ತಾಯಿ ಒಂದು ಚೀಟಿಯಲ್ಲಿ ಎರಡು ಫೋನ್ ನಂಬರು, ಲಾಡ್ಜಿನ ಹೆಸರು ಬರೆದು ಹುಡುಗನ ಜೇಬಿಗೆ ಹಾಕಿ ಪಿನ್ನು ಚುಚ್ಚಿದ್ದರು. ಯಾರಾದರೂ ಕಳೆದುಹೋದರೆ ಹುಡುಕಿಕೊಂಡು ಹೋಗಬಾರದು, ಕೊನೆಗೆ ಎಲ್ಲರೂ ಒಟ್ಟಿಗಿದ್ದ ಜಾಗದಲ್ಲೇ ನಿಲ್ಲಬೇಕು ಎಂಬ ಮಾತೂ ಆಗಿತ್ತು. ಅದರ ಅಗತ್ಯ ಬೀಳಲಿಲ್ಲ. ಇಂಥವು ಅಗತ್ಯ ಬೀಳದಿರಲೆಂದೇ ಮಾಡಿಕೊಳ್ಳುವ ಕೆಲಸಗಳು.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. 1965ರಿಂದ ಅದು ಜನರಿಗೆ ತೆರೆದಿದೆ. ಇತರ ಮ್ಯೂಸಿಯಂಗಳಲ್ಲಿ 'ಮುಟ್ಟಬೇಡಿ' ಎಂದು ಬರೆದಿದ್ದರೆ ಇಲ್ಲಿ ಮುಟ್ಟಬೇಕು, ತಿರುಗಿಸಬೇಕು, ಒತ್ತಬೇಕು. ಅಂಗಳದಲ್ಲಿ 'ಮಾರುತ್' ಯುದ್ಧವಿಮಾನವಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗಿ 1961ರಲ್ಲಿ ಮೊದಲು ಹಾರಿದ ಜೆಟ್ ಅದು. ಒಳಗೆ ಎಂಜಿನ್ನುಗಳ ದೊಡ್ಡ ಹಜಾರ, ವಿದ್ಯುತ್ತಿನ ವಿಭಾಗ, ಮೋಜಿನ ವಿಜ್ಞಾನದ ವಿಭಾಗ, ರೈಟ್ ಸೋದರರ ವಿಮಾನದ ಮೂಲ ಅಳತೆಯದೇ ಪ್ರತಿರೂಪ.

ಪಟ್ಟಿಯಲ್ಲಿ ಇದಕ್ಕೆ ಎರಡು ಗಂಟೆ. ಎರಡು ಗಂಟೆ ಕಳೆದಾಗ ಅವರು ಮೊದಲ ಎರಡು ವಿಭಾಗಗಳನ್ನೇ ದಾಟಿರಲಿಲ್ಲ. ಹುಡುಗ ರಾಟೆಗಳ ಮುಂದೆ ಕೂತು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಪ್ರಯತ್ನದಲ್ಲಿದ್ದ. ತಂದೆ ಗಡಿಯಾರ ನೋಡಿದರು. "ಸಾಕು ನಡೀರೋ, ಟಿಪ್ಪು ಅರಮನೆ ಬಿಟ್ಟುಹೋಗುತ್ತೆ." ಯಾರೂ ಅಲುಗಲಿಲ್ಲ. ಅವರು ಎರಡನೇ ಸಲ ದನಿ ಎತ್ತಿದಾಗ ಅಕ್ಕಪಕ್ಕದವರು ತಿರುಗಿ ನೋಡಿದರು. ಅಲ್ಲಿಗೆ ಆ ದಿನ ಕೆಡುವ ಎಲ್ಲ ಲಕ್ಷಣವೂ ಇತ್ತು.

ಆಗ ಅಜ್ಜಿ ಬೆಂಚಿನ ಮೇಲೆ ಕೂತಲ್ಲಿಂದಲೇ ಮಗನನ್ನು ಕೇಳಿದರು, "ಆ ಅರಮನೆಯಲ್ಲಿ ಇವನಿಗೆ ಏನ್ ಕೆಲಸ ಐತೆ ಮಗಾ?"

ತಂದೆಯ ಬಳಿ ಉತ್ತರವಿರಲಿಲ್ಲ. ಟಿಪ್ಪು ಅರಮನೆ ಸೊಗಸಾದ ಕಟ್ಟಡವೇ. 1791ರಲ್ಲಿ ಮುಗಿದದ್ದು, ಮರದ ಕಂಬಗಳು ನೋಡುವಂಥವು. ಆದರೆ ಪಟ್ಟಿಯಲ್ಲಿದೆ ಎಂಬುದೊಂದೇ ಅಲ್ಲಿಗೆ ಹೋಗಲು ಕಾರಣವಾಗಿತ್ತು. ಅವರು ಸ್ವಲ್ಪ ಹೊತ್ತು ಆಚೆ ಹೋಗಿ ಚಹಾ ಕುಡಿದು ಬಂದರು. ಬಂದ ಮೇಲೆ ಉಗಿ ಎಂಜಿನ್ನಿನ ಮುಂದೆ ಮಗನಿಗೆ ತಮ್ಮೂರಿನ ಹಳೆಯ ಅಕ್ಕಿ ಗಿರಣಿಯ ಕಥೆ ಹೇಳುತ್ತ ನಿಂತವರನ್ನು ಎಬ್ಬಿಸಬೇಕಾದದ್ದು ಮಗಳು. ಒಟ್ಟು ನಾಲ್ಕು ಗಂಟೆಯಾಗಿತ್ತು.

ಪಕ್ಕದಲ್ಲೇ ಇರುವ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯ ಇವರಿಗೆ ತಪ್ಪಿಹೋಯಿತು. ಮುಂದೆ ಹೋಗುವವರು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಒಳಗೆ ಹೋಗಿ ಆತಕೂರು ಶಾಸನವನ್ನು ಮಕ್ಕಳಿಗೆ ತೋರಿಸಬೇಕು. ಹತ್ತನೇ ಶತಮಾನದ ಕನ್ನಡ ಶಾಸನ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನಿಂದ ಮಣಲೇರನೆಂಬ ವೀರ ಕೇಳಿ ಪಡೆದ 'ಕಾಳಿ' ಎಂಬ ನಾಯಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು. ರಾಜರ ಯುದ್ಧದ ವಿವರವೂ ಅದರಲ್ಲಿದೆ. ಆದರೆ ಮಕ್ಕಳು ಕೇಳುವುದು ನಾಯಿಯ ಬಗ್ಗೆಯೇ.

ಬುತ್ತಿ ಬಿಚ್ಚಿದ್ದು ಕಬ್ಬನ್ ಪಾರ್ಕಿನ ಮರದ ನೆರಳಿನಲ್ಲಿ. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ಹೊಟ್ಟೆ ತುಂಬಿದ ಮೇಲೆ ಹುಡುಗ ಹುಲ್ಲಿನ ಮೇಲೆ ಅಳತೆ ಹಾಕತೊಡಗಿದ. 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ಮೊದಲ ಬಾರಿ ಹಾರಿದ್ದು 12 ಸೆಕೆಂಡು, 120 ಅಡಿ. ಅಂದರೆ ಸುಮಾರು 36 ಮೀಟರು. ಅಷ್ಟು ದೂರ ಹೆಜ್ಜೆ ಎಣಿಸಿ ಗುರುತಿಟ್ಟು, ತಂದೆಯ ಗಡಿಯಾರ ಹಿಡಿಸಿ ಓಡಿದ. ಎಂಟು ಸೆಕೆಂಡು. "ವಿಮಾನಕ್ಕಿಂತ ನಾನೇ ಜೋರು!" ಎಂದು ಕುಣಿದ. ಅಕ್ಕ ಬಿಡುವವಳಲ್ಲ. ಅಂದು ಎದುರಿನಿಂದ ಬಲವಾದ ಗಾಳಿ ಬೀಸುತ್ತಿತ್ತು. ವಿಮಾನವನ್ನು ಎತ್ತುವುದು ನೆಲದ ಮೇಲಿನ ವೇಗವಲ್ಲ, ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ. ಎದುರು ಗಾಳಿಯನ್ನು ಸೇರಿಸಿದರೆ ಅದು ಇವನಿಗಿಂತ ಎಷ್ಟೋ ಜೋರು. ಹುಡುಗ ಒಪ್ಪಿಕೊಳ್ಳಲಿಲ್ಲ. ಗಾಳಿಯಿರುವ ದಿನ ಮತ್ತೆ ಓಡುವುದೆಂದು ತೀರ್ಮಾನವಾಯಿತು.

ಸಂಜೆ ವಿಧಾನಸೌಧವನ್ನು ರಸ್ತೆಯಿಂದಲೇ ನೋಡಿದರು. ಕೆಂಗಲ್ ಹನುಮಂತಯ್ಯನವರ ಕನಸು, 1956ರಲ್ಲಿ ಪೂರ್ಣವಾಯಿತು, ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಫೋಟೋ ತೆಗೆಸಿಕೊಂಡದ್ದಾಯಿತು. ಅಷ್ಟರಲ್ಲಿ ಹನಿ ಬಿತ್ತು. ಅಕ್ಟೋಬರಿನ ಬೆಂಗಳೂರಿನಲ್ಲಿ ಸಂಜೆಯ ಮಳೆಗೆ ಕೊಡೆಯಿಲ್ಲದೆ ಹೊರಡುವುದು ತಪ್ಪು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆಲ್ಲ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್. ದಾರಿಯಲ್ಲಿ ಕೃಷ್ಣರಾಜ ಮಾರುಕಟ್ಟೆಯ ನಿಲ್ದಾಣ ಸಿಗುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಮೊದಲು ಬೆಳಗಿದ್ದು 1905ರಲ್ಲಿ, ಆ ಆಸುಪಾಸಿನಲ್ಲೇ.

1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಈಗ 240 ಎಕರೆ. 1889ರ ಗಾಜಿನ ಮನೆಯನ್ನು, ಅದರ ಮುಂದೆ ಹೂವುಗಳನ್ನು ಎಲ್ಲರೂ ನೋಡುತ್ತಾರೆ. ಆದರೆ ಲಾಲ್‌ಬಾಗಿನಲ್ಲಿ ಎಲ್ಲಕ್ಕಿಂತ ಹಳೆಯದು ಯಾರೂ ನೆಡದೆ, ಕಟ್ಟದೆ ಇರುವ ಬಂಡೆ. ಕೆಂಪೇಗೌಡರ ಗೋಪುರ ಅದರ ನೆತ್ತಿಯ ಮೇಲಿದೆ. ಜನ ಅದನ್ನು ಹತ್ತಿ ಗೋಪುರ ನೋಡಿ ಇಳಿಯುತ್ತಾರೆ. ಕಾಲ ಕೆಳಗಿರುವುದು ಏನೆಂದು ನೋಡುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದೆ. ಹೆಸರು ಪೆನಿನ್ಸುಲಾರ್ ನೈಸ್. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇಟ್ಟ ಹೆಸರು ಅದು. ವಯಸ್ಸು ಸುಮಾರು 300 ಕೋಟಿ ವರ್ಷ. ನೆಲದ ಬಹು ಆಳದಲ್ಲಿ, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹದಗೊಂಡ ಶಿಲೆ. ಮೇಲಿನದೆಲ್ಲ ಸವೆದು ಕೊಚ್ಚಿಹೋದ ಮೇಲೆ ಬಯಲಿಗೆ ಬಂದಿದೆ. ಬಗ್ಗಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳು ಅಲೆಯಲೆಯಾಗಿ ಹರಿದಿರುವುದು ಕಾಣುತ್ತದೆ.

"ಮುನ್ನೂರು ಕೋಟಿ ಅಂದ್ರೆ ಎಷ್ಟು?" ಎಂದ ಹುಡುಗ. ಸೊನ್ನೆಗಳನ್ನು ಎಣಿಸಿ ಹೇಳಿದರೆ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಅಕ್ಕ ಡೈರಿ ತೆಗೆದಳು. ಒಂದು ಕೋಟಿ ವರ್ಷಕ್ಕೆ ಒಂದು ಮೀಟರು ಎಂದಿಟ್ಟುಕೊಂಡರೆ ಬಂಡೆಯ ಬುಡದಿಂದ ತೋಟದ ದಾರಿಯಲ್ಲಿ 300 ಮೀಟರು ನಡೆಯಬೇಕು. ಹುಡುಗನ ಹೆಜ್ಜೆ ಅರ್ಧ ಮೀಟರು. ಆರುನೂರು ಹೆಜ್ಜೆ.

ಇಬ್ಬರೂ ನಡೆದರು. ತಂದೆಯೂ ಜೊತೆಗೆ ಹೊರಟರು. ನೂರು ಹೆಜ್ಜೆ, ಇನ್ನೂರು, ಮುನ್ನೂರು. ಕಣ್ಣಿಗೆ ಕಾಣುವಂಥ ಒಂದು ಪ್ರಾಣಿಯೂ ಇನ್ನೂ ಹುಟ್ಟಿಲ್ಲ. ಹುಡುಗನಿಗೆ ಬೇಸರ ಬಂದು "ಡೈನೋಸಾರ್ ಎಲ್ಲಿ?" ಎಂದ. ನಾನೂರು, ನಾನೂರ ಎಂಬತ್ತು. ಅಲ್ಲಿಂದಾಚೆಗೆ ಕಡಲಲ್ಲಿ ಪ್ರಾಣಿಗಳು. ಕೊನೆಗೆ 23 ಮೀಟರು ಉಳಿದಿರುವಾಗ ಡೈನೋಸಾರ್ ಬಂದವು. ಆರೂವರೆ ಮೀಟರು ಉಳಿದಿರುವಾಗ ಇಲ್ಲವಾದವು. ಲಾಲ್‌ಬಾಗಿನಲ್ಲೇ ಇರುವ, ತಮಿಳುನಾಡಿನ ತಿರುವಕ್ಕರೈಯಿಂದ ತಂದ ಕಲ್ಲಾದ ಮರದ ವಯಸ್ಸು ಎರಡು ಕೋಟಿ ವರ್ಷ. ಅದು ಬರೀ ಎರಡು ಮೀಟರು ಹಿಂದೆ, ಹುಡುಗನ ನಾಲ್ಕು ಹೆಜ್ಜೆ. ನಮ್ಮಂಥ ಮನುಷ್ಯರು ಹುಟ್ಟಿ ಮೂರು ಲಕ್ಷ ವರ್ಷ: ಮೂರು ಸೆಂಟಿಮೀಟರು. ಅಕ್ಕ ಎರಡು ಬೆರಳು ಜೋಡಿಸಿ ತೋರಿಸಿದಳು.

"ಕೆಂಪೇಗೌಡ?" ಎಂದರು ತಂದೆ.

1537ರಿಂದ ಈಚೆಗೆ ಐನೂರು ವರ್ಷಕ್ಕೂ ಸ್ವಲ್ಪ ಕಡಿಮೆ. ಅವಳು ಭಾಗಿಸಿ ನೋಡಿದಳು. ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಒಂದು ಕೂದಲೆಳೆಯಷ್ಟು. ಪೇಟೆ, ಕೋಟೆ, ದಂಡು, ವಿಧಾನಸೌಧ, ಮೆಟ್ರೋ ಎಲ್ಲವೂ ಆ ಕೂದಲೆಳೆಯೊಳಗೆ. ತಂದೆ ತಮ್ಮ ತಲೆಯಿಂದ ಒಂದು ನರೆಗೂದಲು ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಹದಿನಾಲ್ಕು ಸ್ಥಳಗಳ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಲಾಲ್‌ಬಾಗ್ ರಸ್ತೆಯಲ್ಲಿ, 1924ರಲ್ಲಿ ಆರಂಭವಾದ ಹೆಸರಾಂತ ತಿಂಡಿ ಹೋಟೆಲಿನಲ್ಲಿ ಸಾಲು ಉದ್ದವಾಗಿತ್ತು. ಅಲ್ಲಿ ಕಾಯುವುದನ್ನು ಬಿಟ್ಟು ಇನ್ನೊಂದು ಹೋಟೆಲಿನಲ್ಲಿ ಇಡ್ಲಿ ತಿಂದರು. ಆಗ ಎದುರಾಯಿತು ಪಟ್ಟಿಯ ನಿಜವಾದ ಕಷ್ಟ. ಅಜ್ಜಿ ಇಡೀ ಪ್ರವಾಸದಲ್ಲಿ ಕೇಳಿದ್ದು ಒಂದೇ ಒಂದು, ಗವಿ ಗಂಗಾಧರೇಶ್ವರನ ದರ್ಶನ. ಮಗಳು ಕೇಳಿದ್ದೂ ಒಂದೇ, ತಾರಾಲಯ. ಗುಡಿ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ. ಸಂಜೆಗೆ ರೈಲು. ಕನ್ನಡ ಪ್ರದರ್ಶನಕ್ಕೆ ಹೋಗಬೇಕೆಂದರೆ ಗುಡಿಯ ಹೊತ್ತು ತಪ್ಪುತ್ತದೆ. ಎರಡೂ ಊರಿನ ಎರಡು ಕಡೆ.

"ನಾನು ಅತ್ತೇನ ಕರ್ಕೊಂಡು ಹೋಗ್ತೀನಿ. ನೀವು ಮಕ್ಕಳನ್ನ ಕರ್ಕೊಂಡು ಹೋಗಿ" ಎಂದರು ತಾಯಿ.

ಅವರು ಬೆಂಗಳೂರಿನಲ್ಲಿ ಒಬ್ಬರೇ ಎಲ್ಲಿಗೂ ಹೋದವರಲ್ಲ. ತಂದೆ "ದಾರಿ ಗೊತ್ತಾಗಲ್ಲ" ಎಂದರು. "ಕೇಳಿದ್ರೆ ಹೇಳ್ತಾರೆ" ಎಂದು ಇವರು ಆಧಾರ್ ಕಾರ್ಡುಗಳನ್ನು ಪರ್ಸಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬಸ್ ನಿಲ್ದಾಣದ ಕಡೆ ಹೊರಟರು. ಮೂರು ಗಂಟೆಗೆ ಲಾಡ್ಜಿನ ಬಾಗಿಲಲ್ಲಿ ಸೇರುವುದೆಂದಾಯಿತು. ಸಂಸಾರದ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಹೈಗ್ರೌಂಡ್ಸ್ ಬಳಿಯ ತಾರಾಲಯ 1989ರಲ್ಲಿ ಆರಂಭವಾದದ್ದು. 2017ರಲ್ಲಿ ಕಾರ್ಲ್ ಜೈಸ್ ಕಂಪನಿಯ ಹೊಸ ಯಂತ್ರ ಬಂತು. ಸುತ್ತಲಿನ ವಿಜ್ಞಾನ ಉದ್ಯಾನದಲ್ಲೇ ಒಂದು ಗಂಟೆ ಕಳೆಯಬಹುದು. ಒಳಗೆ ದೀಪಗಳು ಒಂದೊಂದಾಗಿ ಆರಿ ಗುಮ್ಮಟದ ತುಂಬ ನಕ್ಷತ್ರ ಮೂಡಿದಾಗ ಸುತ್ತಲಿನ ಮಕ್ಕಳೆಲ್ಲ 'ಹೋ' ಎಂದರು. ಹುಡುಗ ಮಾತ್ರ ಅಕ್ಕನ ಕಿವಿಯಲ್ಲಿ, "ನಮ್ಮನೆ ಕಣದಲ್ಲಿ ಹಿಂಗೇ ಕಾಣುತ್ತಲ್ವೇನೇ?" ಎಂದ. ಅದು ನಿಜ. ನಗರದ ಬೆಳಕಿನಲ್ಲಿ ಮುಳುಗಿಹೋದ ಆಕಾಶವನ್ನು ಅಲ್ಲಿನ ಮಕ್ಕಳು ಟಿಕೆಟು ಕೊಂಡು ನೋಡಬೇಕು. ಆದರೆ ಕಣದಲ್ಲಿ ಕಾಣದ್ದೂ ಇಲ್ಲಿ ಕಂಡಿತು. ವರ್ಷದ ಸೂರ್ಯನ ಹಾದಿ ಕೆಲವೇ ನಿಮಿಷಗಳಲ್ಲಿ ಕಣ್ಣಮುಂದೆ ಸರಿಯಿತು: ಉತ್ತರಕ್ಕೆ ಹೋಗಿ, ನಿಂತಂತಾಗಿ, ದಕ್ಷಿಣಕ್ಕೆ ಬಂದು, ನಿಂತಂತಾಗಿ, ಮತ್ತೆ ಹಿಂದಿರುಗುವ ಹಾದಿ. ಹುಡುಗಿ ಕತ್ತಲಲ್ಲೇ ಡೈರಿಯಲ್ಲಿ ಏನೋ ಗೀಚಿಕೊಂಡಳು.

ಮೂರು ಗಂಟೆಗೆ ಲಾಡ್ಜಿನ ಬಾಗಿಲಲ್ಲಿ ಮೂವರೇ ಇದ್ದರು. ಮೂರೂಕಾಲಾಯಿತು. ತಾಯಿಯ ಫೋನು ಹತ್ತಲಿಲ್ಲ. ಮೂರೂವರೆಯಾಯಿತು. ತಂದೆ ರಸ್ತೆಯ ತುದಿಗೆ ಹೋಗಿ ಬಂದರು, ಮತ್ತೆ ಹೋದರು. ಮೂರೂ ಮುಕ್ಕಾಲಿಗೆ ಅತ್ತೆ ಸೊಸೆ ಇಬ್ಬರೂ ಮುಡಿ ತುಂಬ ಮಲ್ಲಿಗೆ ಮುಡಿದು ನಿಧಾನವಾಗಿ ನಡೆದು ಬಂದರು. ಫೋನಿನ ಚಾರ್ಜು ಮುಗಿದಿತ್ತು. ದರ್ಶನವಾದ ಮೇಲೆ ಕಂಡಕ್ಟರಮ್ಮನೊಬ್ಬರು ಹೇಳಿದರೆಂದು ಗಾಂಧಿ ಬಜಾರಿಗೆ ಹೋಗಿ ಹೂವು ಕೊಂಡು, ಕಾಫಿ ಕುಡಿದು ಬಂದಿದ್ದರು. ಗಾಂಧಿ ಬಜಾರು ಯಾವ ಪಟ್ಟಿಯಲ್ಲೂ ಇರಲಿಲ್ಲ. ತಂದೆ ಬೈಯಬೇಕೆಂದು ಬಾಯಿ ತೆರೆದವರು ಅವರಿಬ್ಬರ ಮುಖ ನೋಡಿ ಸುಮ್ಮನಾದರು.

ರೈಲಿನಲ್ಲಿ ಅಜ್ಜಿ ಪ್ರಸಾದ ಹಂಚುತ್ತ ಗುಡಿಯ ವರ್ಣನೆ ಮಾಡಿದರು. ಬಂಡೆಯೊಳಗಿನ ಗವಿ, ಅಂಗಳದಲ್ಲಿ ಸೂರ್ಯಪಾನ ಚಂದ್ರಪಾನವೆಂಬ ದೊಡ್ಡ ಕಲ್ಲಿನ ಚಕ್ರಗಳು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದಂತೆ. ವರ್ಷಕ್ಕೆ ಒಂದೇ ಸಲ. ಪಕ್ಕದಲ್ಲಿದ್ದ ಭಕ್ತರೊಬ್ಬರು ಹೇಳಿದರಂತೆ.

"ಒಂದೇ ಸಲ ಅಲ್ಲ ಅಜ್ಜಿ" ಎಂದಳು ಮೊಮ್ಮಗಳು, ಡೈರಿ ತೆರೆದು. "ಸೂರ್ಯ ದಕ್ಷಿಣಕ್ಕೆ ಹೋಗಿ ಡಿಸೆಂಬರ್ 22ಕ್ಕೆ ಹಿಂದೆ ತಿರುಗ್ತಾನೆ. ಅಲ್ಲಿಂದ ಸಂಕ್ರಾಂತಿಗೆ, ಜನವರಿ 15ಕ್ಕೆ, 24 ದಿನ. ವಾಪಸ್ ಬರೋ ದಾರಿಯಲ್ಲಿ ಸಿಕ್ಕಿದ ಜಾಗ ಹೋಗೋ ದಾರಿಯಲ್ಲೂ ಸಿಕ್ಕಿರಬೇಕಲ್ಲ? 22ರಿಂದ 24 ದಿನ ಹಿಂದಕ್ಕೆ ಎಣಿಸಿದ್ರೆ ನವೆಂಬರ್ 28. ಅವತ್ತಿನ ಹಿಂದೆ ಮುಂದೆಯೂ ಬಿಸಿಲು ಅದೇ ದಾರೀಲಿ ಒಳಗೆ ಬರಬೇಕು."

ಅಜ್ಜಿ ಸ್ವಲ್ಪ ಹೊತ್ತು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. "ಅಂದ್ರೆ ಕಾರ್ತಿಕ ಕಳೀತಿದ್ದಂಗೆ. ಅವತ್ತು ನೂಕುನುಗ್ಗಲು ಇರಲ್ಲ ಅಲ್ವಾ?"

"ಯಾರಿಗೂ ಗೊತ್ತೇ ಇರಲ್ವಲ್ಲ" ಎಂದಳು ಅವಳು.

"ಹಂಗಾದ್ರೆ ಅವತ್ತೇ ಬರೋಣ ಬಿಡು" ಎಂದು ಅಜ್ಜಿ ಸೀಟಿನ ಮೇಲೆ ಕಾಲು ನೀಡಿದರು. ತಂದೆ ಎದುರಿನ ಸೀಟಿನಲ್ಲಿ ಕೂತು, ನವೆಂಬರ್ 28 ಯಾವ ವಾರ ಬರುತ್ತದೆಂದು ಡೈರಿಯ ಹಾಳೆ ತಿರುವುತ್ತಿದ್ದರು. ಹುಡುಗ ಕಿಟಕಿಯ ಕಡೆ ಮುಖ ಮಾಡಿ, ಬರುವಾಗ ತಪ್ಪಿಹೋದ ಆ ನಿಲ್ದಾಣದ ಫಲಕಕ್ಕಾಗಿ ಕತ್ತಲಲ್ಲಿ ಕಾದಿದ್ದ.